ವಿಷಯ: ಜೀವಂತವಿರುವ ಬಗ್ಗೆ

ಅರಸೀಕೆರೆ ಉಪಖಜಾನೆ. ನವೆಂಬರ್ ಮೂರು.
ಬಾಗಿಲು ತೆಗೆಯುವ ಮೊದಲೇ ಸಾಲು ನಿಂತಿದೆ,
ತಾವಿನ್ನೂ ಇದ್ದೇವೆಂದು
ನನಗೆ ತೋರಿಸಲು.

ನಾನು ನೋಡಬೇಕು.
ನೋಡಿದೆನೆಂದು ಸಹಿ ಹಾಕಬೇಕು.

ಫಾರೆಸ್ಟ್ ಗಾರ್ಡ್ ಹುಚ್ಚೀರಪ್ಪನ ಹೆಂಡತಿ ಚಂದ್ರಮ್ಮ,
ಎಂಬತ್ತೊಂದು, ಹಲ್ಲಿಲ್ಲ.
ಹೆಬ್ಬೆಟ್ಟಿಗೆ ಮೊದಲು ಕೇಳಲೇಬೇಕು:
'ಮರುಮದುವೆ ಆಗಿಲ್ಲ ತಾನೆ?'
'ಗಂಡು ತೋರ್ಸು, ಆಮೇಲೆ ಹೇಳ್ತೀನಿ.'
ಇಡೀ ಸಾಲು ನಕ್ಕಿತು.
ನಕ್ಕವರನ್ನೆಲ್ಲ ನಿಂತಲ್ಲೇ ಪಾಸು ಮಾಡಬಹುದಿತ್ತು.

ಪಶು ಆಸ್ಪತ್ರೆ ಕಾಂಪೌಂಡರ್ ಸಣ್ಣೇಗೌಡರಿಗೆ
ಅಸಲು ಎಂಬತ್ತಮೂರು, ಪುಸ್ತಕದಲ್ಲಿ ಎಪ್ಪತ್ತೇಳು.
ಕಣಕಟ್ಟೆ ಶಾಲೆಯ ಮೇಷ್ಟ್ರು ಅಂದಾಜಿಗೆ ಗೀಚಿದ ಜೂನ್ ಒಂದು
ಆರು ವರ್ಷದ ನೌಕರಿ ಹೆಚ್ಚು ಕೊಟ್ಟಿತ್ತು.
ಎಂಬತ್ತಕ್ಕೆ ಸಿಗುವ ಹೆಚ್ಚುವರಿಯನ್ನು
ಈಗ ಅದೇ ಶಾಯಿ ಅಡ್ಡಗಟ್ಟಿ ಕೂತಿದೆ.
'ಇರ್ಲಿ ಬಿಡವ್ವ. ಇನ್ನು ಮೂರು ವರ್ಷ
ಸಾಯೋ ಹಂಗಿಲ್ಲ ಅಂತಾಯ್ತು.'

ಮೂಲೆಯಲ್ಲಿ ಕಬ್ಬಿಣದ ಪೆಟ್ಟಿಗೆ.
ಒಂದು ಕಾಲಕ್ಕೆ ಇದರ ಮುಂದೆ ಬಂದೂಕು ಹಿಡಿದ ಪೇದೆ,
ನಾಲಿಗೆಗೆ ಬೆರಳು ಮುಟ್ಟಿಸಿ ನೋಟು ಎಣಿಸುವ ಕ್ಯಾಶಿಯರ್.
ಈಗ ದುಡ್ಡು ತಂತಿಯಲ್ಲಿ ಬ್ಯಾಂಕಿಗೆ ಹೋಗುತ್ತದೆ,
ಪೆಟ್ಟಿಗೆಯಲ್ಲಿ ಪೊರಕೆ ಇಡುತ್ತೇವೆ.

ನನ್ನ ನೇಮಕದ ಆದೇಶದಲ್ಲಿ ಹದಿನಾಲ್ಕು ಹೆಸರು.
'ಅಮಾಸೆ ದಿನ ಯಾರಾದ್ರೂ ಡ್ಯೂಟಿಗೆ ಸೇರ್ತಾರಾ?' ಎಂದಳು ಅವ್ವ.
ಮಾರನೇ ದಿನ ಯುಗಾದಿ.
ಅದರ ಮಾರನೇ ದಿನ ಹೊಸತೊಡಕು,
ಮರಿ ಕೊಯ್ದಿದ್ದರು, ನೆಂಟರಿದ್ದರು.
ಸೋಮವಾರ ಹಾಜರಾದೆ.
ಏಪ್ರಿಲ್ ಮೂರು, ಎರಡು ಸಾವಿರದ ಆರು.
ಒಂದನೇ ತಾರೀಖಿಗೇ ಕಾನೂನು ಬದಲಾಗಿತ್ತು.

ಫಿಲೋಮಿನಾ ಅಮಾವಾಸ್ಯೆ ದಿನವೇ ಸಹಿ ಹಾಕಿದ್ದಳು.
ಅವಳಿಗೆ ಕೊನೇ ಸಂಬಳದ ಅರ್ಧ, ಬದುಕಿರುವ ತನಕ.

ನನ್ನದು ಅಟ್ಟದ ಕಾಯಿ.
ತಿಂಗಳು ತಿಂಗಳು ಹತ್ತರಲ್ಲೊಂದು ಮೇಲೆಸೆಯುತ್ತೇನೆ,
ಸರ್ಕಾರವೂ ತನ್ನ ಪಾಲು ಎಸೆಯುತ್ತದೆ.
ನೀರು ಇಂಗಿ ಗಿಟುಕಾಗುತ್ತಿದೆಯೋ, ಕೌಟಾಗುತ್ತಿದೆಯೋ,
ಒಡೆದ ದಿನವೇ ಗೊತ್ತಾಗುವುದು.
ಅವತ್ತಿನ ಧಾರಣೆ ಕೂಗುವವನು
ನನ್ನ ಅಟ್ಟ ಕಂಡವನಲ್ಲ.
ಹಳೆಯದನ್ನೇ ತರಲು ಸಮಿತಿ ಕೂತಿದೆಯಂತೆ.
ಕೂರುವುದು ಸಮಿತಿಗಳಿಗೆ ಚೆನ್ನಾಗಿ ಗೊತ್ತು.

ಕಸ್ತೂರಕ್ಕ ಟೀ ತಂದಳು, ಹೊರಗುತ್ತಿಗೆ,
ಅವಳಿಗೆ ಹಳೆಯದೂ ಇಲ್ಲ, ಹೊಸದೂ ಇಲ್ಲ.
ನನ್ನ ಗೊಣಗಾಟ ಕೇಳಿ
ಲೋಟ ಸ್ವಲ್ಪ ಜೋರಾಗಿಯೇ ಇಟ್ಟಳು.

ಐದು ಗಂಟೆಗೆ, ಕೊಡೆ ಮರೆತಿದ್ದ ಸಣ್ಣೇಗೌಡರು
ಏದುಸಿರು ಬಿಡುತ್ತ ವಾಪಸು ಬಂದರು.
'ಎರಡು ಸಲ ಬಂದೀನಿ ನೋಡು,
ಮುಂದಿನ ವರ್ಷದ್ದೂ ಆಯ್ತು ಅಂತ ಬರ್ಕೊ.'

ಹಾಗೆ ಬರೆದುಕೊಳ್ಳಲು
ನಮ್ಮ ಫಾರಮ್ಮಿನಲ್ಲಿ ಕಲಮು ಇಲ್ಲ.