ಎರಡು ರೂಪಾಯಿ

ಉದ್ಯಮಬಾಗದ ಶೆಡ್ಡಿನಲ್ಲಿ
ಬಾಲದಂಥದ್ದು ಮುಂದೆ, ಪಂಕ ಹಿಂದೆ.
"ಜಿನ್ನಪ್ಪ ಕಾಕಾ, ಉಲ್ಟಾ ಜೋಡಿಸೀರಲ್ರೀ!"
ಚಾ ತಂದ ಹುಡುಗ ನಕ್ಕ.

ಅಕ್ಕಾತಾಯಿ ನಗಲಿಲ್ಲ.
ಫೌಂಡ್ರಿಯಲ್ಲಿ ಇಪ್ಪತ್ತು ವರ್ಷ
ಎರಕದ ಕಬ್ಬಿಣ ಬಡಿದು ಬಡಿದು
ಬಿರುಕು ಕೇಳಿದ ಕಿವಿ ಅವಳದು.
ಸಂಚಿಯಿಂದ ಎರಡು ರೂಪಾಯಿ ತೆಗೆದು
ರೆಕ್ಕೆಯುದ್ದಕ್ಕೂ ಕುಟ್ಟುತ್ತ ನಡೆದಳು:
ಟಕ್, ಟಕ್, ಟಕ್,
ದಪ್.

"ಇಲ್ಲಿ ಒಳಗ ಯಾರೂ ಇಲ್ಲ" ಅಂದಳು.
ಸೀಮೆಸುಣ್ಣದ ಸುತ್ತು, ಹಪ್ಪಳದಷ್ಟು.

ಆ ಹಪ್ಪಳಕ್ಕೆ ಒಂದು ಮಳೆಗಾಲ ಹೋಯಿತು.
ಗಾಜಿನ ಬಟ್ಟೆ ಕಿತ್ತು, ಫೋಮು ಕೆರೆದು,
ಜಿಟಿಜಿಟಿ ತಂಪಿಗೆ ಗಟ್ಟಿಯಾಗದ ರಾಳಕ್ಕೆ
ರಾತ್ರಿಯೆಲ್ಲ ಬಲ್ಬಿನ ಕಾವು.
ಮೂತಿಯಲ್ಲಿ ಹನ್ನೊಂದು ಕಿಲೋ ಸೀಸ;
ತೂಗಿದ, ಸಂಶಯ ಬಂದು ಮತ್ತೆ ತೂಗಿದ.

ಮುಂದಿನ ಸಣ್ಣ ರೆಕ್ಕೆ ಮೊದಲು ಸೋಲಬೇಕು,
ಸೋತು ಮೂತಿ ಬಾಗಿಸಬೇಕು,
ಹಿಂದಿನ ದೊಡ್ಡದು ಸೋಲದ ಹಾಗೆ.
ಹುಡುಗನಿಗೆ ಅಂಗೈ ಓರೆ ಮಾಡಿ ತೋರಿಸಿದ.
ಚಾ ಆರಿತು.

ಕಾರ್ತಿಕದ ಬೆಳಗು, ಸಾಂಬ್ರಾ,
ಪರವಾನಗಿ ಕಿಸೆಯಲ್ಲಿ.
ಗಾಲಿ ನೆಲ ಬಿಟ್ಟಿತು ಒಂದಾಳೆತ್ತರ,
ಒಂಬತ್ತು ಎಣಿಸುವಷ್ಟು ಹೊತ್ತು.
ಏರಬಹುದಿತ್ತು. ಇಳಿಸಿದ.
ಇವತ್ತಿನ ಪಟ್ಟಿಯಲ್ಲಿ ಬರೆದದ್ದು ಅಷ್ಟೇ.

ಪಂಕ ಪೂರಾ ನಿಂತ ಮೇಲೆ
ಅಕ್ಕಾತಾಯಿ ಬಂದಳು,
ಸಂಚಿ ಬಿಚ್ಚುತ್ತ.