ತುಟಿ ಜಾರಿದ ಡಬ್ಬಿ

ಎಂಟು ಗಂಟೆ, ನಡುವೆ ಚಹಾಕ್ಕೆ ಹತ್ತು ನಿಮಿಷ,
ನನ್ನ ಕೆಲಸ ಒಂದೇ ಮೂತಿ ನೋಡುವುದು.
ಬರ್ಟನ್ನಿನ ಡಬ್ಬಿ ಕಾರ್ಖಾನೆ, ಎಂಬತ್ಮೂರನೇ ಇಸವಿ,
ನಿಮಿಷಕ್ಕೆ ಇನ್ನೂರು ಕ್ಲಿಫ್ ಬ್ರಿಂಡ್ಲಿಗಳು
ಬೆಲ್ಟಿನ ಮೇಲೆ ಕುಲುಕುತ್ತ ಬರುತ್ತಿದ್ದರು,
ಅದೇ ಮೀಸೆ, ಅದೇ ಬಂಗಾರದ ಸರ,
ಕಿವಿಯ ಪಕ್ಕ ಎತ್ತಿ ಹಿಡಿದ ಅದೇ ಡಾರ್ಟು.

ಟೀವಿಯಲ್ಲಿ ಅವನು ಮೂರೇ ಡಾರ್ಟಿಗೆ ನೂರೆಂಬತ್ತು ಹೊಡೆದಾಗ
ಪಬ್ಬಿನ ಗಾಜು ನಡುಗುತ್ತಿತ್ತು, ನಿಜ.
ಅದಕ್ಕೇ ಬಿಯರಿಗೂ ಆ ಹೆಸರು: ನೂರೆಂಬತ್ತು.
ರುಚಿಯೋ? ನೆನೆದ ರಟ್ಟು.
ಬಿಯರಿನ ನೀರಿಗೇ ಹೆಸರಾದ ನಮ್ಮೂರಲ್ಲಿ
ಕುಡಿದವರು ಕೆಮ್ಮಿ, ಡಬ್ಬಿ ತಿರುಗಿಸಿ,
ಹೊರಗಿನ ಮುಖವನ್ನೇ ಹೊಗಳುತ್ತಿದ್ದರು.

ಅಚ್ಚಿನ ಕೆಂಪು ಬಣ್ಣಕ್ಕೊಂದು ಚಾಳಿ:
ಸೋಮವಾರ ಬೆಳಿಗ್ಗೆ ಯಂತ್ರ ತಣ್ಣಗಿದ್ದರೆ
ಗೋಧಿಕಾಳಿನಷ್ಟು ಕೆಳಗೆ ಜಾರುತ್ತಿತ್ತು.
ಆಗ ತುಟಿ ಗಲ್ಲಕ್ಕೆ, ಕೆನ್ನೆಯ ರಂಗು ಕುತ್ತಿಗೆಗೆ.
ಹೆಕ್ಕು, ಎಸೆ. ಹೆಕ್ಕು, ಎಸೆ.
ಸರಿಯಿದ್ದವನು ಮುಂದೆ, ಇಲ್ಲದವನು ತೊಟ್ಟಿಗೆ.
ರಾತ್ರಿ ಗಂಡ ವಿಲ್ಫ್ ಗೊರಕೆ ಹೊಡೆಯುವಾಗ
ಅವನ ಬಾಯಿ ಎಲ್ಲಿದೆ ಎಂದು ನೋಡಿಕೊಳ್ಳುತ್ತಿದ್ದೆ.

ಒಂದು ದಿನ ಅವನೇ ಬಂದ, ಫೋಟೋದವರ ಜೊತೆ.
ಡಬ್ಬಿಯಲ್ಲಿದ್ದುದಕ್ಕಿಂತ ಗಿಡ್ಡ.
ಕೈ ಕುಲುಕಿದ; ಬೆರಳು ಹತ್ತಿಯಂತೆ ಮೆತ್ತಗೆ.
ಎಲ್ಲರೆದುರು ಡಬ್ಬಿ ಎತ್ತಿ, ಹಲ್ಲು ಬಿಟ್ಟು,
ಗಂಟಲಿಗಿಳಿಸದೆ ಕೆಳಗಿಳಿಸಿದ.
ಆಮೇಲೆ ನನ್ನ ಕಿವಿಯ ಹತ್ತಿರ:
"ಅಕ್ಕಾ, ಒಂದು ಲೋಟ ಹಾಲು ಸಿಗುತ್ತದಾ? ಹೊಟ್ಟೆಯಲ್ಲಿ ಹುಣ್ಣು."
ಚಹಾಕ್ಕೆಂದು ಇಟ್ಟಿದ್ದ ಹಾಲು ಕೊಟ್ಟೆ.
ಮೀಸೆಗೆ ಬಿಳಿ ಅಂಟಿತು. ಆ ಫೋಟೋ ಯಾರೂ ತೆಗೆಯಲಿಲ್ಲ.
ತೊಟ್ಟಿಯಿಂದ ಒಂದು ಜಾರಿದ ತುಟಿ ಹೆಕ್ಕಿ
"ಇದು ನಾನು," ಎಂದು
ನನ್ನ ಏಪ್ರನ್ನಿನ ಜೇಬಿಗೆ ಹಾಕಿ ಹೋದ.

ನೂರೆಂಬತ್ತು, ನೂರೆಂಬತ್ತು ದಿನ ಬಾಳಲಿಲ್ಲ.
ನವೆಂಬರಿನಲ್ಲಿ, ಊರೆಲ್ಲ ನೋಡುತ್ತಿದ್ದಾಗ,
ಗೆಲ್ಲಲು ಬೇಕಿದ್ದುದು ಒಂದು ಡಬಲ್;
ಆರು ಸಲ ತಂತಿಗೆ ತಾಗಿ ನೆಲಕ್ಕೆ ಬಿತ್ತು ಡಾರ್ಟು.
ಸೋತವನ ಮುಖಕ್ಕೆ ಯಾರು ತುಟಿ ಇಡುತ್ತಾರೆ?
ಬೆಲ್ಟು ನಿಂತಿತು. ನನಗೆ ಎರಡು ವಾರದ ಕೂಲಿ.

ವಿಲ್ಫ್ ಮಾತ್ರ ಹದಿನಾಲ್ಕು ಪೆಟ್ಟಿಗೆ ತಂದು ಅಟ್ಟಕ್ಕೇರಿಸಿದ.
"ಸತ್ತದ್ದಕ್ಕೇ ಬೆಲೆ ಕಣೇ,
ಲಿನೆಟ್ ಮದುವೆಗಾಗುತ್ತದೆ."
ಗೆಳೆಯರು ಬಂದರೆ ಒಂದು ಇಳಿಸಿ,
ತಲೆಯ ಉಂಗುರ ಮುಟ್ಟದೆ, ಬುಡಕ್ಕೆ ಮೊಳೆ ಹೊಡೆದು ಹೀರುತ್ತಿದ್ದ.
ಸಂಗ್ರಾಹಕರ ಶಾಸ್ತ್ರವಂತೆ: ಮುಡಿ ಕೆಡಬಾರದು.
ಲಿನೆಟ್ ಮದುವೆಯಾದಳು, ಬಿಟ್ಟೂ ಬಂದಳು.
ಅಟ್ಟದಲ್ಲಿ ಬಿಯರು ಒಳಗಿಂದಲೇ ಲೋಹ ತಿಂದು
ಮಲಗುವ ಕೋಣೆಯ ಸೂರಿಗೆ ಕಂದು ನಕ್ಷೆ ಬರೆಯಿತು.
ವಿಲ್ಫ್ ಅದನ್ನೇ ನೋಡುತ್ತ ಹೋದ, ಫೆಬ್ರವರಿಯಲ್ಲಿ.

ಮೊನ್ನೆ ಡರ್ಬಿಯಿಂದ ಒಬ್ಬ ಬಂದಿದ್ದ, ಬಿಳಿ ಕೈಗವಸು.
ಉಳಿದ ಡಬ್ಬಿಗಳನ್ನು ಕೂಸಿನಂತೆ ಹೊರಳಿಸಿ ನೋಡಿ
"ಮೂವತ್ತು ಪೆನ್ಸ್," ಎಂದ. "ಇವು ಎಲ್ಲರ ಬಳಿಯೂ ಇವೆ.
ತುಟಿ ಜಾರಿದ್ದು ಇದೆಯಾ? ನಾನೂರು ಪೌಂಡು."
ನಗು ಬಂತು. ಈ ಎರಡು ಕೈ
ಎಷ್ಟು ಸಾವಿರ ನಾನೂರುಗಳನ್ನು ತೊಟ್ಟಿಗೆ ಎಸೆದಿವೆ!

ಅಷ್ಟರಲ್ಲಿ ಅವನ ಕಣ್ಣು ಅಡುಗೆಮನೆಯ ಕಿಟಕಿಗೆ ಬಿತ್ತು.
ಅಲ್ಲಿ, ಮುಚ್ಚಳವನ್ನಾಗಲಿ ಬಿಯರನ್ನಾಗಲಿ ಎಂದೂ ಕಾಣದ
ನನ್ನ ಏಪ್ರನ್ನಿನ ಕ್ಲಿಫ್, ಬುಡಕ್ಕೊಂದು ತೂತು,
ತಲೆಯ ತುಂಬ ಪಾರ್ಸ್ಲಿ ಸೊಪ್ಪು,
ಗಲ್ಲದ ಮೇಲೆ ತುಟಿ,
ಏನೋ ಹೇಳಲು ಹೊರಟು ತಡವಾದವನ ಹಾಗೆ.
"ತೂತು ಪರವಾಗಿಲ್ಲ, ಅದು ಪದ್ಧತಿಯೇ," ಎಂದ
ಆಗಲೇ ನೋಟು ಎಣಿಸುತ್ತ.
"ಮಣ್ಣು ಮಾತ್ರ ತೆಗೆಯಬೇಕು."

ಬೇರೆ ಕುಂಡಕ್ಕೆ ಹಾಕಿದರೆ ಬದುಕುತ್ತದಾ, ಕೇಳಿದೆ.
ಗಿಡದ ವಿಷಯ ತನಗೆ ಗೊತ್ತಿಲ್ಲವೆಂದ.

ಮಧ್ಯಾಹ್ನದ ಆಲೂಗಡ್ಡೆ ಒಲೆಯ ಮೇಲಿತ್ತು.
ಕತ್ತರಿ ತೆಗೆದು, ಎರಡು ಎಳೆ ಕತ್ತರಿಸಿಕೊಂಡೆ.