ಪೆಟ್ಟಿಗೆ ನಂಬರು ನಲವತ್ತೊಂದು

ಗಣಿ ಮುಚ್ಚಿದ ಮೇಲೂ ಇಂಗಳದಾಳದ ಷೆಡ್ಡಿಗೆ
ಒಬ್ಬ ಕಾವಲುಗಾರ ಬೇಕಾಗಿದ್ದ. ನಾನು ಉಳಿದೆ.
ಕಾಯಬೇಕಾದ್ದೇನು? ಕಲ್ಲು.
ಸೌತೆಕಾಯಿಯ ಹಾಗೆ ಉದ್ದುದ್ದ ಕೊರೆದು ತೆಗೆದದ್ದು,
ಮರದ ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿಸಿ
ಕೆಂಪು ಬಣ್ಣದಲ್ಲಿ ಆಳ ಬರೆದದ್ದು:
ಇಷ್ಟು ಅಡಿಯಿಂದ ಇಷ್ಟು ಅಡಿ.
ಗೆದ್ದಲು ಪೆಟ್ಟಿಗೆ ತಿಂದಿತು, ಕಲ್ಲು ಮುಟ್ಟಲಿಲ್ಲ.
ಹನ್ನೊಂದು ವರ್ಷ ಒಬ್ಬ ಕಳ್ಳನೂ ಬರಲಿಲ್ಲ,
ನನಗೇ ಅವಮಾನವಾಗುವಷ್ಟು.

ಆಮೇಲೆ ಬಂದರು ಮೆಹರುನ್ನೀಸಾ ಮೇಡಮ್ಮು,
ಸೊಂಟಕ್ಕೆ ಸುತ್ತಿಗೆ, ಕೊರಳಲ್ಲಿ
ತಾಯಿತದಷ್ಟು ಪುಟ್ಟ ಭೂತಗನ್ನಡಿ.
ನಲವತ್ತೊಂದನೇ ಪೆಟ್ಟಿಗೆ ಬಿಚ್ಚಿಸಿದರು.
ಹಸಿರುಗಪ್ಪು ಕಲ್ಲನ್ನೆತ್ತಿ, ದೇವರಾಣೆ, ನೆಕ್ಕಿದರು.
ಒದ್ದೆಯಾದರೆ ಒಳಗಿನ ಕಾಳು ಕಾಣುತ್ತವಂತೆ.
"ಪಾಲಯ್ಯ, ನೀನು ಕಾಯ್ತಿರೋದು ಸಮುದ್ರದ ತಳ."

ನಾನು ಸಮುದ್ರ ನೋಡಿದವನಲ್ಲ.
ನೋಡಿದ್ದು ಮಾರಿಕಣಿವೆ, ಅದೂ ಕೋಡಿ ಹರಿದ ವರ್ಷ,
ಯಾರದೋ ಹೆಗಲ ಮೇಲಿಂದ.

ಮರಡಿಹಳ್ಳಿಗೆ ಜೀಪಿನಲ್ಲಿ ಕರೆದೊಯ್ದರು.
ಅಲ್ಲಿ ಬಂಡೆಯ ಮೈತುಂಬ ದಿಂಬು,
ಒಂದರ ಮೇಲೊಂದು, ಒತ್ತಿದ ಕಡೆ ತಗ್ಗು,
ಮದುವೆ ಮನೆ ಮುಗಿದ ಬೆಳಗ್ಗೆ ಮೂಲೆಗೆ ಎಸೆದ ಹಾಗೆ.
ನೀರಿನ ತಳದಲ್ಲಿ ನೆಲ ಬಿರಿದು ಬೆಂಕಿ ಉಕ್ಕಿ,
ಉಕ್ಕಿದ ಗಳಿಗೆಗೇ ಸಿಪ್ಪೆಗಟ್ಟಿ,
ಸಿಪ್ಪೆ ಒಡೆದು ಮತ್ತೊಂದು ಉಂಡೆ ಹೊರಗೆ ಜಾರಿ...
ಎಣ್ಣೆಗೆ ಬಿಟ್ಟ ಬೋಂಡದ ಹಾಗಾ ಅಂದೆ.
"ಹಾಗೇ. ಇಲ್ಲಿ ಮಾತ್ರ ಎಣ್ಣೆ ತಣ್ಣಗಿತ್ತು, ಹಿಟ್ಟು ಕಾದಿತ್ತು."
ಇನ್ನೂರೈವತ್ತು ಕೋಟಿ ವರ್ಷ ಅಂದರು.
ನಾನು ಟೋಪಿ ತೆಗೆದು ಮತ್ತೆ ಹಾಕಿಕೊಂಡೆ.

ಮೂಡಲ ನೆಲ ಬೇರೆ ಇತ್ತಂತೆ, ಪಡುವಲ ನೆಲ ಬೇರೆ,
ನಡುವೆ ನೀರು.
ಎರಡೂ ಸರಿಯುತ್ತ ಸರಿಯುತ್ತ ಬಂದು
ನೀರನ್ನು ಹಿಂಡಿ ಹೊರಗೆ ಹಾಕಿ
ತಳವನ್ನು ಮಡಿಸಿ ನಿಲ್ಲಿಸಿದವಂತೆ, ಗುಡ್ಡಸಾಲಾಗಿ.
ಚಳ್ಳಕೆರೆಯ ಕಂಬಳಿಗೆ ಪಟ್ಟಿಗೆ ಪಟ್ಟಿ ಕೂಡಿಸಿ
ಹೊಲಿಗೆ ಹಾಕಿರುತ್ತಾರಲ್ಲ,
ಆ ಹೊಲಿಗೆ ಇಲ್ಲೇ ಎಲ್ಲೋ ಹಾಯುತ್ತದೆ.
ಎಲ್ಲಿ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಕಡೆ
ಗೆರೆ ಎಳೆಯುತ್ತಾರೆ. ಜಗಳ ಇನ್ನೂ ಮುಗಿದಿಲ್ಲ.
ನನ್ನ ಹಗ್ಗದ ಮಂಚ ಮಾತ್ರ
ಅದರ ಮೇಲೇ ಇದೆ ಅಂತ ನಾನು ತೀರ್ಮಾನಿಸಿದ್ದೇನೆ.

ಈಗಲೂ ನಡೆಯುತ್ತಿದೆ.
ದುರ್ಗ, ಗಾಳಿಪಂಕ, ಬಸ್‌ಸ್ಟ್ಯಾಂಡು, ಏಳು ಸುತ್ತಿನ ಗೋಡೆ,
ಎಲ್ಲ ಹೊತ್ತ ನೆಲ ಉತ್ತರಕ್ಕೆ ಹೊರಟಿದೆ,
ವರ್ಷಕ್ಕೆ ಉಗುರು ಬೆಳೆದಷ್ಟು,
ಹೋಗಿ ಹಿಮಾಲಯಕ್ಕೆ ಹೆಗಲು ಕೊಡುತ್ತಿದೆ.
ಗಾದ್ರಮ್ಮನಿಗೆ ಹೇಳಿದೆ. ರೊಟ್ಟಿ ತಟ್ಟುತ್ತಲೇ ಅಂದಳು:
"ಹಂಗಿದ್ರೆ ಪಕ್ಕದ್ಮನೆ ಬೋರಣ್ಣ
ಒಂದು ಗೇಣು ಬೇಲಿಗೆ ಕೋರ್ಟಿಗೋಗವ್ನಲ್ಲ,
ಅವನಿಗೂ ಒಸಿ ಹೇಳು."

ಭಾನುವಾರ ಹೊಸ್ತಿಲಲ್ಲಿ ಕೂತು ಉಗುರು ತೆಗೆಯುವಾಗ
ಚೂರನ್ನು ಅಂಗೈಯಲ್ಲಿಟ್ಟು ನೋಡುತ್ತೇನೆ.
ಇಷ್ಟು ದೂರ ಬಂದೆವು.
ಆಯಾಸವೇನೂ ಆಗಲಿಲ್ಲ.

ಷೆಡ್ಡು ಖಾಲಿ ಮಾಡಿ ಅಂತ ಮೊನ್ನೆ ಕಾಗದ ಬಂತು.
ಲಾರಿಯವನು ಪೆಟ್ಟಿಗೆಗಳನ್ನು ದಬದಬ ಎಸೆಯುತ್ತಿದ್ದ.
ನಿಧಾನ ಕಣಯ್ಯ ಅಂದೆ. ಯಾಕೆ, ಗಾಜಾ, ಅಂದ.
ಉತ್ತರ ಹೊಳೆಯಲಿಲ್ಲ.
ನಲವತ್ತೊಂದರಿಂದ ಒಂದು ತುಂಡು ಎತ್ತಿಕೊಂಡು
ಷೆಡ್ಡಿನ ಹಿಂದೆ ಹೋಗಿ, ಯಾರೂ ಇಲ್ಲದ್ದು ನೋಡಿ,
ನೆಕ್ಕಿದೆ.

ಉಪ್ಪಿರಲಿಲ್ಲ.
ಹನ್ನೊಂದು ವರ್ಷದ ಧೂಳು, ಅದರಡಿ ಒಂಚೂರು ಒಗರು.
ಒದ್ದೆಯಾದ ಕಡೆ ಮಾತ್ರ
ಸಾಸಿವೆಯಂಥ ಕಾಳು ಮಿನುಗಿ,
ಬಿಸಿಲಿಗೆ ಒಣಗಿ,
ಮತ್ತೆ ಬರಿಯ ಕಲ್ಲು.